ಎಂಟು ಹನಿಯ ಅಂತರ

ನಮ್ಮ ಸರ್ ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ವರ್ಷವಿಡೀ ಕಪ್ಪಗಿರುತ್ತಿದ್ದವು. ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಗುಲಿದರೆ ಹಾಗೇ ಆಗುತ್ತದೆ. ಹತ್ತಿದಾಗ ಏನೂ ಕಾಣುವುದಿಲ್ಲ. ಹೊರಗೆ ಬಿಸಿಲಿಗೆ ಹೋದ ಮೇಲೆ ಕಪ್ಪಾಗುತ್ತದೆ, ಆಮೇಲೆ ಯಾವ ಸೋಪಿಗೂ ಜಗ್ಗುವುದಿಲ್ಲ. ಕಲಬುರಗಿಯ ಬಿಸಿಲಿನಲ್ಲಿ ಅದಕ್ಕೆ ತಡವೇ ಇಲ್ಲ. ಸ್ಟೇಶನ್ ಬಜಾರದ ಚಹಾದಂಗಡಿಯವನು ಆ ಬೆರಳು ನೋಡಿ ದಿನಾ ಚಾಷ್ಟಿ ಮಾಡಿ ನಗುತ್ತಿದ್ದ.

“ಏನ್ರೀ ಸರ, ಇವತ್ತೂ ವೋಟ್ ಹಾಕಿ ಬಂದೀರೇನು?”

“ಹೌದಪಾ, ಇವತ್ತ ಉಪ್ಪಿಗೆ ಹಾಕಿ ಬಂದೀನಿ. ಗೆದ್ದದ, ಚಹಾ ಕೊಡು.”

ಪರೀಕ್ಷೆಯಲ್ಲಿ ಉಪ್ಪು ಸೋತ ದಿನ ಮಾತ್ರ ಅವರು ಈ ಚಾಷ್ಟಿಗೆ ಉತ್ತರ ಕೊಡುತ್ತಿರಲಿಲ್ಲ. ಚಹಾ ಕುಡಿದು ಸುಮ್ಮನೆ ಎದ್ದು ಬರುತ್ತಿದ್ದರು.

ಹೋದ ತಿಂಗಳು ಅವರು ಕಮಲಾಪುರದಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಹಕ್ಕು ನನಗಿದೆ ಅಂತ ಅನಿಸುವುದಿಲ್ಲ. ಯಾಕೆ ಎನ್ನುವುದು ಓದುತ್ತ ಹೋದಂತೆ ತಿಳಿಯುತ್ತದೆ, ಆಗ ನೀವೂ ಒಪ್ಪುತ್ತೀರಿ.

ಬಜಾರದ ಹಿಂದಿನ ಓಣಿಯಲ್ಲಿ, ಒಂದು ಲಾಡ್ಜಿನ ಮಗ್ಗುಲಿಗೆ ನಮ್ಮ ಪ್ರಯೋಗಾಲಯ. ದೊಡ್ಡ ಹೆಸರೇನಲ್ಲ. ಮೇಲಂತಸ್ತಿನಲ್ಲಿ ಎರಡು ಖೋಲಿ, ಒಂದು ಓವನ್ನು, ಗಾಜಿನ ಪೆಟ್ಟಿಗೆಯೊಳಗಿನ ಒಂದು ತಕ್ಕಡಿ, ಸಾಲಾಗಿ ನಿಲ್ಲಿಸಿದ, ಬ್ಯುರೆಟ್ಟು ಎಂಬ ಅಳತೆಗೆರೆಯ ಗಾಜಿನ ಕೊಳವೆಗಳು. ಕುಡಿಯುವ ನೀರು, ಎಣ್ಣೆ, ಖಾರದ ಪುಡಿ, ಉಪ್ಪು, ಜನ ಏನು ತಂದರೂ ಪರೀಕ್ಷೆ ಮಾಡಿ ರಿಪೋರ್ಟು ಕೊಡುವ ಖಾಸಗಿ ಜಾಗ. ಮಾಲೀಕರು ಕೆಳಗೆ ಕುಳಿತು ಮನೆಯವರೊಡನೆ ಮರಾಠಿಯಲ್ಲಿ, ಗಿರಾಕಿಗಳೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು. ಮೇಲೆ ಸರ್ ಮತ್ತು ನಾನು. ಎಂ.ಎಸ್ಸಿ. ಮುಗಿಸಿ ಬಂದಿದ್ದ ನನಗೆ ಎಲ್ಲ ಗೊತ್ತಿದೆ ಅನ್ನುವ ಸೊಕ್ಕು ಸಾಕಷ್ಟಿತ್ತು.

ಸೊಕ್ಕು ಇಳಿಯಲು ಒಂದು ಉಪ್ಪಿನ ಸ್ಯಾಂಪಲ್ ಸಾಕಾಯಿತು. ಉಪ್ಪು ಎಷ್ಟು ಶುದ್ಧವಿದೆ ಎಂದು ನೋಡುವ ವಿಧಾನ ಹಳೆಯದು. ಉಪ್ಪನ್ನು ಒಣಗಿಸಿ, ತೂಗಿ, ನೀರಿನಲ್ಲಿ ಕರಗಿಸಬೇಕು. ಅದಕ್ಕೆ ಹಳದಿ ಬಣ್ಣದ ಒಂದು ದ್ರಾವಣ ನಾಲ್ಕು ಹನಿ ಹಾಕಿ, ಮೇಲಿನ ಬ್ಯುರೆಟ್ಟಿನಿಂದ ಸಿಲ್ವರ್ ನೈಟ್ರೇಟನ್ನು ಹನಿಹನಿಯಾಗಿ ಬಿಡಬೇಕು. ಉಪ್ಪು ಇರುವಷ್ಟು ಹೊತ್ತು ಮೊಸರಿನಂಥ ಬಿಳಿ ಗಸಿ ಬರುತ್ತದೆ. ಉಪ್ಪು ಮುಗಿದ ಮರುಹನಿಗೆ ಹಳದಿಯೊಳಗೆ ಕೆಂಪು ಮೂಡುತ್ತದೆ. ಆ ಕ್ಷಣಕ್ಕೆ ಕೈ ನಿಲ್ಲಿಸಿ, ಎಷ್ಟು ಬಿಟ್ಟೆವು ಎಂದು ಓದಿಕೊಂಡರೆ ಲೆಕ್ಕ ಸಿಗುತ್ತದೆ; ಹನಿ ಕಡಿಮೆಯಾದಷ್ಟು ಉಪ್ಪು ಕಡಿಮೆ. ಕೇಳಲು ಇಷ್ಟೇ. ನಾನು ಮೊದಲ ದಿನ ಇಟ್ಟಿಗೆಯಂಥ ಕೆಂಪು ಬರುವವರೆಗೆ ಬಿಟ್ಟು, ಮುಗಿಯಿತು ಸರ್ ಎಂದೆ.

ಅವರು ಫ್ಲಾಸ್ಕನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. “ತಂಗಿ, ಇಟ್ಟಂಗಿ ಕೆಂಪು ಅಂತ ಪುಸ್ತಕ ಬರದವರು ಬರದಾರ. ಅಷ್ಟು ಕೆಂಪಾಗೋತನಕ ನೀ ಹೋದಿ ಅಂದ್ರ ಕಮಲಾಪುರ ದಾಟಿ ಹುಮನಾಬಾದಕ್ಕ ಇಳದ್ಹಂಗ. ಹಳದಿ ಜರಾ ನಾಚಿಕೊಂಡ್ಹಂಗ ಕಾಣ್ತದಲ್ಲ, ಅಲ್ಲೇ ನಿಂದರು.”

ಹಳದಿ ನಾಚುವುದನ್ನು ಕಾಣಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಅವರು ಫ್ಲಾಸ್ಕಿನ ಕೆಳಗೆ ಬಿಳಿ ಹಾಳೆ ಇಡುತ್ತಿದ್ದರು. ಪಕ್ಕದಲ್ಲಿ ಹೋಲಿಸಲು ಇನ್ನೊಂದು ಫ್ಲಾಸ್ಕು. ಕೊನೆಗೆ ಬಂದಾಗ ಪೂರ್ತಿ ಹನಿಯನ್ನೂ ಬಿಡುತ್ತಿರಲಿಲ್ಲ. ಬ್ಯುರೆಟ್ಟಿನ ತುದಿಗೆ ಅರ್ಧ ಹನಿ ಜೋತುಬಿದ್ದಾಗ ಅದನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ, ನೀರಿನಿಂದ ಒಳಗೆ ತೊಳೆದು ಬಿಡುತ್ತಿದ್ದರು. ಆ ಹೊತ್ತಿನಲ್ಲಿ ಅವರ ಉಸಿರೂ ಕೇಳುತ್ತಿರಲಿಲ್ಲ. ಮಾಲೀಕರು ಕೆಳಗಿನಿಂದ ಕೂಗಿದರೂ ಉತ್ತರವಿಲ್ಲ. ಬಣ್ಣ ಬಂದ ಮೇಲೆ ನನ್ನನ್ನು ಕರೆದು ಅಂಕಿ ಓದಿಸುತ್ತಿದ್ದರು. ತಾವು ಓದಿದ್ದನ್ನು ಮೊದಲೇ ಹೇಳುತ್ತಿರಲಿಲ್ಲ. “ನಿನಗೇನ್ ಕಂಡದ ಅದನ್ನ ಬರಿ. ನನಗೇನ್ ಕಂಡದ ಅಂತ ಕೇಳಬ್ಯಾಡ. ಕೇಳಿದಿ ಅಂದ್ರ ನಿನ್ನ ಕಣ್ಣೂ ನಂದೇ ಆಗ್ತದ. ಆಗ ಇಬ್ಬರು ಯಾಕ ಬೇಕು?”

ರಿಜಿಸ್ಟರಿನಲ್ಲಿ ಬರೆದದ್ದನ್ನು ಅವರು ಎಂದೂ ಮರುಪ್ರಶ್ನೆ ಮಾಡುತ್ತಿರಲಿಲ್ಲ. ಬರೆದಿದೆ ಎಂದರೆ ಆಗಿದೆ ಎಂದೇ ಅರ್ಥ. ಅವರ ಮಟ್ಟಿಗೆ ಅದರಲ್ಲಿ ಎರಡು ಮಾತಿರಲಿಲ್ಲ.

ಅವರ ಊರು ಕಮಲಾಪುರ. ವಾರಕ್ಕೊಮ್ಮೆ ಹೋಗಿ ಬರುವಾಗ ಅಲ್ಲಿಯ ಕೆಂಪು ಬಾಳೆಹಣ್ಣು ತರುತ್ತಿದ್ದರು. ಮಾಲೀಕರಿಗೆ ಎರಡು, ನನಗೆ ಎರಡು, ಚಹಾದಂಗಡಿಯವನಿಗೆ ಒಂದು. ಒಮ್ಮೆ ಹಣ್ಣು ತಿನ್ನುತ್ತ ನಾನು, ಇಷ್ಟೊಂದು ಉಪ್ಪಿನ ಹುಚ್ಚು ನಿಮಗೆ ಯಾವ ಕಾಲೇಜಿನಲ್ಲಿ ಹಿಡಿಯಿತು ಸರ್ ಎಂದು ತಮಾಷೆಗೆ ಕೇಳಿದ್ದೆ. ಅವರು ತಮಾಷೆಯಾಗಿಯೇ ಶುರುಮಾಡಿದರು.

“ಕಾಲೇಜಿನ್ಯಾಗ ಅಲ್ಲ, ನಮ್ಮವ್ವನ ಹತ್ತಿರ. ನಮ್ಮ ಓಣಿ ಊರ ಹೊರಗ. ಉಪ್ಪು ತರ್ಲಿಕ್ಕ ನಾ ಕಿರಾಣಿ ಅಂಗಡಿಗೆ ಹೋಗ್ತಿದ್ದೆ. ಅಂಗಡಿ ಮುದುಕ ಕಟ್ಟಿ ಮ್ಯಾಲ ನಿಂತು ಮ್ಯಾಲಿಂದ ಸುರೀತಿದ್ದ, ಕೈ ತಾಗಬಾರದಲ್ಲ. ನಾ ಕೆಳಗ ಅಂಗಿ ಚುಂಗು ಹಿಡದು ನಿಂದರತಿದ್ದೆ. ಅರ್ಧ ಚುಂಗಿನ್ಯಾಗ, ಅರ್ಧ ಮಣ್ಣಾಗ. ಮಣ್ಣಾಗಿಂದೂ ಬಳಕೊಂಡು ಬರ್ತಿದ್ದೆ. ನಮ್ಮವ್ವ ಅದನ್ನ ನೀರಾಗ ಕರಗಿಸಿ, ಮಣ್ಣು ಕೆಳಗ ಕೂಡೋತನಕ ಬಿಟ್ಟು, ಸೀರಿ ಸೆರಗಿನ್ಯಾಗ ಸೋಸಿ, ಆ ನೀರ ಪಲ್ಯಾಕ್ಕ ಹಾಕ್ತಿದ್ದಳು. ನಾ ನೋಡಿದ ಪೈಲಾ ಪ್ರಯೋಗ ಅದು.”

ನಾನು ಬಾಳೆಹಣ್ಣನ್ನು ಕೈಯಲ್ಲೇ ಹಿಡಿದು ಕುಳಿತಿದ್ದೆ. ಅವರೇ ನಕ್ಕರು. “ತಿನ್ನು ತಿನ್ನು. ಅದಕ್ಕೇ ನನಗ ಈ ಕೆಲಸ ಭಾಳ ಇಷ್ಟ. ಫ್ಲಾಸ್ಕಿನ್ಯಾಗ ಬಿದ್ದ ಮ್ಯಾಲ ಉಪ್ಪು ಯಾರ ಮನೀದು ಅಂತ ಯಾರೂ ಕೇಳಂಗಿಲ್ಲ. ಎಷ್ಟದ ಅಷ್ಟದ.”

ಈ ಮಾತನ್ನು ಅವರು ಹೆಮ್ಮೆಯಿಂದ ಹೇಳಿದ್ದರು. ಅವರಿಗಿದ್ದ ಹೆಮ್ಮೆ ಇದೊಂದೇ.

ಎರಡೂವರೆ ವರ್ಷದ ಹಿಂದಿನ ಮಾತು. ಮಳೆ ಶುರುವಾಗಿತ್ತು. ಕಮಲಾಪುರದಿಂದ ಒಬ್ಬ ಕಿರಾಣಿ ಅಂಗಡಿಯವರು ಉಪ್ಪಿನ ಸ್ಯಾಂಪಲ್ ತೆಗೆದುಕೊಂಡು ಬಂದರು. ಹಾಸ್ಟೆಲ್ಲೊಂದಕ್ಕೆ ಸಾಮಾನು ಪೂರೈಸುವ ಕೆಲಸ ಅವರಿಗೆ ಸಿಗುವುದರಲ್ಲಿತ್ತು, ಅದಕ್ಕೆ ಪ್ರಯೋಗಾಲಯದ ರಿಪೋರ್ಟು ಬೇಕಿತ್ತು. ಸರ್ ಅವರನ್ನು ನೋಡಿದ ಕೂಡಲೇ ಎದ್ದು ನಿಂತು ನಮಸ್ಕಾರ ಮಾಡಿದರು. ಅವರು ಹೋದ ಮೇಲೆ ನನಗೆ ಹೇಳಿದರು, “ಆ ಮುದುಕನ ಮಗ. ಛಲೋ ಮನಷ್ಯಾ. ಅಪ್ಪನ್ಹಂಗ ಅಲ್ಲ.”

ಒಣಗಿಸುವ ಕೆಲಸ ನನ್ನದು. ಉಪ್ಪನ್ನು ಓವನ್ನಿನಲ್ಲಿಟ್ಟು, ತೆಗೆದು, ಆರಿಸಿ ತೂಗಬೇಕು. ಮತ್ತೆ ಇಟ್ಟು ಮತ್ತೆ ತೂಗಬೇಕು. ಎರಡೂ ತೂಕ ಒಂದೇ ಬಂದರೆ ತೇವವೆಲ್ಲ ಹೋಗಿದೆ ಎಂದು ಅರ್ಥ. ಬರದಿದ್ದರೆ ಬರುವವರೆಗೆ ಅದನ್ನೇ ಮಾಡಬೇಕು. ಮಳೆಗಾಲದ ಉಪ್ಪು ಎಷ್ಟು ನೀರು ಕುಡಿದಿರುತ್ತದೆ ಎನ್ನುವುದು ಮನೆಯಲ್ಲಿ ಉಪ್ಪಿನ ಭರಣಿ ಇಟ್ಟವರಿಗೆಲ್ಲ ಗೊತ್ತು. ಆ ದಿನ ಒಂದು ಸಲ ತೂಗಿ ಮತ್ತೆ ಒಳಗಿಟ್ಟಿದ್ದೆ, ಕರೆಂಟು ಹೋಯಿತು. ಓವನ್ನು ತಣ್ಣಗಾಯಿತು. ಆ ವರ್ಷ ಉರುಸೂ ಅದೇ ವಾರ ಬಂದಿತ್ತು. ನನ್ನ ಮನೆ ದರ್ಗಾದ ಹತ್ತಿರ, ರೋಜಾದ ಕಡೆ. ಸಂಜೆಯಾದರೆ ಆ ಜನಜಾತ್ರೆಯಲ್ಲಿ ಆಟೋ ಸಿಗುವುದಿಲ್ಲ. ನಾಲ್ಕಕ್ಕೆ ಹೊರಡಬೇಕೆಂದು ನನಗೆ ಗಡಬಡ. ಒಂದು ತಾಸು ಕಾದೆ, ಕರೆಂಟು ಬರಲಿಲ್ಲ. ರಿಜಿಸ್ಟರು ತೆಗೆದು, ಎರಡನೆಯ ತೂಕದ ಜಾಗದಲ್ಲಿ ಮೊದಲನೆಯ ತೂಕವನ್ನೇ ಬರೆದೆ. ಕೊನೆಯ ದಶಾಂಶದವರೆಗೂ ಅದೇ ಅಂಕಿ. ತೂಗಲಿಲ್ಲ. ಆ ಉಪ್ಪನ್ನು ಮುಚ್ಚಿಟ್ಟು ಮನೆಗೆ ಹೋದೆ.

ಮರುದಿನ ಸರ್ ಅದೇ ಉಪ್ಪನ್ನು ತೂಗಿ ಕರಗಿಸಿದರು. ಮೂರು ಸಲ ಮಾಡಿದರು, ಮೂರೂ ಸಲ ಒಂದೇ ಉತ್ತರ. ನೂರಕ್ಕೆ ತೊಂಬತ್ತೈದೂ ಚಿಲ್ಲರೆ. ಶುದ್ಧ ಉಪ್ಪು ಎನ್ನಲು ತೊಂಬತ್ತಾರು ಇರಲೇಬೇಕು. ಅವರು ನಾಲ್ಕನೆಯ ಸಲವೂ ಮಾಡಿದರು. ಆಮೇಲೆ ಪೆನ್ನು ತೆಗೆದು ರಿಪೋರ್ಟಿಗೆ ಸಹಿ ಹಾಕಿದರು. ಆ ದಿನ ಚಹಾದಂಗಡಿಯಲ್ಲಿ ಮಾತಾಡಲಿಲ್ಲ.

ಉಪ್ಪಿನೊಳಗೆ ಉಳಿದ ನೀರೂ ತೂಕಕ್ಕೆ ಸೇರಿ, ಉಪ್ಪು ಕಡಿಮೆಯೆಂದು ಕಂಡಿತ್ತು. ಇದು ನನಗೆ ಆಗಲೇ ಹೊಳೆಯಿತು. ಹೊಳೆದರೂ ಬಾಯಿ ಬಿಡಲಿಲ್ಲ.

ಒಂದು ತಿಂಗಳಾದ ಮೇಲೆ ಅಂಗಡಿಯವರು ಬಂದರು. ಹಾಸ್ಟೆಲಿನ ಕೆಲಸ ಬೇರೆಯವರ ಪಾಲಾಗಿತ್ತು. ಕಲಬೆರಕೆ ಉಪ್ಪಿನ ಅಂಗಡಿ ಎಂದು ಊರೆಲ್ಲ ಹೆಸರು ಬಂದಿತ್ತು. ಅವರು ಅದೇ ಚೀಲದ ಉಪ್ಪನ್ನು ಹೈದರಾಬಾದಿನಲ್ಲಿ ಪರೀಕ್ಷೆ ಮಾಡಿಸಿದ್ದರು. ಆ ಕಾಗದವನ್ನು ಸರ್ ಮುಂದೆ ಇಟ್ಟರು. ತೊಂಬತ್ತಾರು ದಾಟಿ, ತೊಂಬತ್ತೇಳರ ಹತ್ತಿರ.

“ನಮ್ಮಪ್ಪ ಮಾಡಿದ್ದು ನನಗ ಗೊತ್ತದರೀ,” ಎಂದರು ಅಂಗಡಿಯವರು. ದನಿ ಏರಿಸಲಿಲ್ಲ. “ಅದನ್ನ ನನ್ನ ಮ್ಯಾಲ ತೀರಿಸ್ಕೊಂಡ್ರೇನ್ರಿ?”

ಸರ್ ಎದ್ದು ಕಪಾಟಿನ ಬಾಗಿಲು ತೆರೆದರು. ಪ್ರತಿ ಸ್ಯಾಂಪಲಿನ ಅರ್ಧ ಭಾಗವನ್ನು ನಾವು ಮೊಹರು ಹಾಕಿ ಇಟ್ಟಿರುತ್ತೇವೆ. ಅದನ್ನು ತೆಗೆದರು. ಅಂಗಡಿಯವರನ್ನು ಕುರ್ಚಿಯಲ್ಲಿ ಕೂಡಿಸಿ, ಅವರ ಎದುರಿಗೇ ಒಣಗಿಸಿದರು. ಅವತ್ತು ಒಣಗಿಸುವುದನ್ನೂ ತೂಗುವುದನ್ನೂ ತಾವೇ ಮಾಡಿದರು. ಮಧ್ಯಾಹ್ನದ ಊಟ ಇಬ್ಬರೂ ಮಾಡಲಿಲ್ಲ. ಸಂಜೆಯ ಹೊತ್ತಿಗೆ ಉತ್ತರ ಬಂತು. ಹೈದರಾಬಾದಿನ ಕಾಗದ ಸರಿಯಾಗಿತ್ತು.

ಅವರು ಹಳೆಯ ರಿಜಿಸ್ಟರು ತೆರೆದು ಒಂದೊಂದೇ ಸಾಲಿನ ಮೇಲೆ ಆ ಕಪ್ಪು ಬೆರಳನ್ನು ಇಡುತ್ತ ಬಂದರು. ನನ್ನ ಅಕ್ಷರದ ಹತ್ತಿರ ಬೆರಳು ಬಂತು. ಮೊದಲ ತೂಕ, ಎರಡನೆಯ ತೂಕ. “ಒಣಗಿಸಿದ್ದು ಬರಾಬರಿ ಅದ,” ಎಂದರು. ಬೆರಳು ಮುಂದೆ ಹೋಯಿತು. ಅವರ ಸ್ವಂತ ಅಕ್ಷರದ ಮೇಲೆ ನಿಂತಿತು.

ಅಂಗಡಿಯವರಿಗೆ ಕೈ ಮುಗಿದು, “ತಪ್ಪು ನಂದರೀ. ನಾ ಬರದು ಕೊಡ್ತೀನಿ,” ಎಂದರು.

ಅವರು ಹೋದ ಮೇಲೆ ನಾವಿಬ್ಬರೇ ಉಳಿದೆವು. ಸರ್ ಖಾಲಿ ಬ್ಯುರೆಟ್ಟನ್ನು ನೋಡುತ್ತ ನಿಂತಿದ್ದರು.

“ಎಂಟು ಹನಿ, ತಂಗಿ. ಲೆಕ್ಕ ಹಾಕಿ ನೋಡ್ದೆ. ಎಂಟು ಹನಿ ಮೊದಲ ನನ್ನ ಕೈ ನಿಂತದ. ಅದೂ ನಾಕೂ ಸಲ. ಕೆಂಪು ಬರೂಕಿಂತ ಮೊದಲ ನನಗ ಕೆಂಪು ಕಂಡಿರಬೇಕು. ಯಾಕ ಕಂಡಿತು ಹೇಳು?”

“ಸರ್, ಕಣ್ಣು ತೋರಿಸಬೇಕಿತ್ತೇನೋ,” ಎಂದೆ. ಹೀಗೆ ಹೇಳಿದೆ ನಾನು. ಇದನ್ನು ಬರೆಯುವಾಗ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

“ಕಣ್ಣಲ್ಲ,” ಎಂದರು. “ಕಣ್ಣ ತಪ್ಪಿದ್ರ ಎಲ್ಲಾ ಉಪ್ಪಿಗೂ ತಪ್ಪಬೇಕಿತ್ತು. ಅವನ ಉಪ್ಪಿಗೆ ಮಾತ್ರ ತಪ್ಪೇದ. ನನ್ನೊಳಗ ಹಗಿ ಇತ್ತೇನೋ. ನನಗ ಗೊತ್ತಿಲ್ಲದ ಕೈಯಾಗ ಬಂದು ಕುಂತಿತ್ತೇನೋ.”

ಒಂದು ಮಾತು ಸಾಕಿತ್ತು. ಕರೆಂಟು ಹೋಗಿತ್ತು ಸರ್, ನಾನು ಎರಡನೆಯ ಸಲ ತೂಗಲಿಲ್ಲ. ಅಷ್ಟು ಹೇಳಿದ್ದರೆ ಅವರು ಬೈಯುತ್ತಿದ್ದರು, ಬಹುಶಃ ನನ್ನ ಕೆಲಸವೂ ಹೋಗುತ್ತಿತ್ತು. ಆದರೆ ಅವರ ಕೈ ಅವರಿಗೆ ವಾಪಸು ಸಿಗುತ್ತಿತ್ತು. ನಾಳೆ ಹೇಳೋಣ ಎಂದುಕೊಂಡು ಚೀಲ ಹೆಗಲಿಗೇರಿಸಿ ಹೊರಟೆ.

ನಾಳೆಗೆ ಅವರು ಹಾಸ್ಟೆಲಿನವರಿಗೆ ಪತ್ರ ಬರೆದು ಕಳಿಸಿಯಾಗಿತ್ತು. ಪರೀಕ್ಷೆಯಲ್ಲಿ ತಪ್ಪಾಗಿದೆ, ತಪ್ಪು ಪರೀಕ್ಷಕನಾದ ನನ್ನದು, ಅಂಗಡಿಯವರ ಉಪ್ಪು ಶುದ್ಧವಾಗಿದೆ ಎಂದು. ಪ್ರಯೋಗಾಲಯದ ಹೆಸರು ಹಾಳಾಗುತ್ತದೆ, ಕಳಿಸಬೇಡಿ ಎಂದು ಮಾಲೀಕರು ಎಷ್ಟು ಹೇಳಿದರೂ ಕೇಳಲಿಲ್ಲ. ಊರಿಗೆ ಹೋಗಿ ಅಂಗಡಿಯ ಮುಂದೆ ನಿಂತು, ಜನ ಇರುವಾಗಲೇ ಕೈ ಮುಗಿದು ಬಂದರಂತೆ. ಈಗ ಹೇಳಿದರೆ ಅವರ ಪತ್ರವೂ ಸುಳ್ಳಾಗುತ್ತದೆ ಎಂದು ನಾನು ನನಗೆ ಹೇಳಿಕೊಂಡೆ. ಸುಮ್ಮನಿರಲು ಕಾರಣ ಹುಡುಕುವವರಿಗೆ ಕಾರಣಕ್ಕೇನು ಬರ.

ಆಮೇಲೆ ಸರ್ ಬ್ಯುರೆಟ್ಟು ಮುಟ್ಟಲಿಲ್ಲ. ಉಪ್ಪು ಬಂದರೆ ನನ್ನ ಮುಂದೆ ಸರಿಸುತ್ತಿದ್ದರು. ತಾವು ರಿಜಿಸ್ಟರಿಗೆ ಗೆರೆ ಎಳೆಯುವುದು, ಸ್ಯಾಂಪಲಿಗೆ ಚೀಟಿ ಅಂಟಿಸುವುದು, ಫ್ಲಾಸ್ಕು ತೊಳೆಯುವುದು. ನನಗೆ ಹಳದಿ ನಾಚುವುದನ್ನು ತೋರಿಸಿದ ಮನುಷ್ಯ ನನ್ನ ಎಂಜಲು ಫ್ಲಾಸ್ಕುಗಳನ್ನು ತೊಳೆಯುತ್ತಿದ್ದರು. ನಾನು ತೊಳೆಯುತ್ತೇನೆ ಸರ್ ಎಂದರೆ, “ಇದರಾಗ ಯಾರಿಗೂ ಅನ್ಯಾಯ ಆಗಂಗಿಲ್ಲ, ಬಿಡು,” ಎನ್ನುತ್ತಿದ್ದರು. ಒಂದು ದಿನ ಅವರ ಬೆರಳು ನೋಡಿದೆ. ಕಪ್ಪೆಲ್ಲ ಹೋಗಿ ಸಾಮಾನ್ಯ ಬೆರಳಾಗಿದ್ದವು. ಚಹಾದಂಗಡಿಯವನು ಚಾಷ್ಟಿ ಮಾಡುವುದನ್ನು ಬಿಟ್ಟಿದ್ದ.

ದೀಪಾವಳಿ ಆದ ಮೇಲೆ ಕೆಲಸ ಬಿಟ್ಟು ಊರಿಗೆ ಹೋದರು. ಹೋಗುವ ದಿನ ಕಪಾಟಿನ ಕೀಲಿಗಳನ್ನು ನನ್ನ ಕೈಗೆ ಕೊಟ್ಟು, “ನಿನ್ನ ಕೈ ಸ್ವಚ್ಛ ಅದ, ತಂಗಿ. ಹಂಗೇ ಇಟ್ಕೋ,” ಎಂದರು. ನಾನು ಅಳುತ್ತಿದ್ದೆ. ಅಗಲುವ ದುಃಖ ಎಂದು ಅವರು ತಿಳಿದು ತಲೆ ಸವರಿದರು.

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ನಾಲ್ಕು ದಿನ ತಡವಾಗಿ. ಮರುದಿನವೇ ಕಮಲಾಪುರಕ್ಕೆ ಹೋದೆ. ಚಿಕ್ಕ ಮನೆ. ಒಳಗೆ ಬುದ್ಧನ ಮೂರ್ತಿ, ಅದರ ಕೆಳಗೆ ಅವರ ಫೋಟೊ, ಎರಡು ಮೇಣದ ಬತ್ತಿ. ಅವರ ಹೆಂಡತಿ ಬಿಳಿ ಸೀರೆ ಉಟ್ಟು ಗೋಡೆಗೆ ಆತು ಕುಳಿತಿದ್ದರು. ನಾನು ಯಾರೆಂದು ಹೇಳುವ ಮೊದಲೇ ಗುರುತಿಸಿದರು. “ನೀ ಲ್ಯಾಬಿನಾಕಿ ಅಲ್ಲೇನು ಯವ್ವಾ? ನಿನ್ನ ಸುದ್ದಿ ಭಾಳ ಹೇಳ್ತಿದ್ರು. ನನಗಿಂತ ಛಲೋ ಮಾಡ್ತಾಳ ಅಂತ.”

ನೀರು ಕೊಟ್ಟರು. ಆಮೇಲೆ ತಾವಾಗಿಯೇ ಮಾತಾಡಿದರು. “ಇಲ್ಲಿ ಬಂದ ಮ್ಯಾಲ ಒಂದ ಮಾತು ಹಿಡಕೊಂಡು ಕುಂತಿದ್ರು. ಆ ಅಂಗಡಿ ಮುಂದ ಹಾದು ಹೋಗ್ತಿದ್ದಿಲ್ಲ, ಸುತ್ತು ಹಾಕಿ ಹೋಗ್ತಿದ್ರು. ನಾ ಹಗಿ ಸಾಧಿಸೋ ಮನಷ್ಯಾ ಏನು ಅಂತ ನನಗ ಕೇಳ್ತಿದ್ರು. ಉಣ್ಣಾಕ ಕುಂತಾಗ ಕೇಳ್ತಿದ್ರು, ದವಾಖಾನ್ಯಾಗ ಮಲಗಿದಾಗೂ ಕೇಳಿದ್ರು. ಅಲ್ರೀ, ನೀವು ಹಂಥವರಲ್ಲ ಅಂತಿದ್ದೆ. ನಿನಗೇನ್ ಗೊತ್ತು, ನಿನಗ ಉಪ್ಪಿಂದು ಗೊತ್ತಿಲ್ಲ ಅಂತಿದ್ರು. ಖರೇನೇ, ನನಗೇನ್ ಗೊತ್ತು ಹೇಳು.”

ಆಗ ಹೇಳಿದೆ. ಕರೆಂಟು, ಓವನ್ನು, ಉರುಸು, ಎರಡನೆಯ ತೂಕ, ಎಲ್ಲ. ಉಪ್ಪಿನ ವಿಷಯ ಗೊತ್ತಿಲ್ಲದವರಿಗೆ ತಿಳಿಯುವಂತೆ, ಎರಡು ಸಲ ಬಿಡಿಸಿ ಹೇಳಿದೆ. “ಸರ್ ಕೈ ತಪ್ಪಿರಲಿಲ್ಲರೀ ಅವ್ವಾರ. ಒಂದು ಹನಿನೂ ತಪ್ಪಿರಲಿಲ್ಲ. ಅದು ನನ್ನ ತಪ್ಪು.”

ಅವರು ಬೈಯಲಿಲ್ಲ, ಅಳಲೂ ಇಲ್ಲ. ಎದ್ದು ಚಪ್ಪಲಿ ಮೆಟ್ಟಿದರು. “ನಡಿ. ನನ್ನ ಮುಂದ ಹೇಳಿದ್ದು ಅಲ್ಲಿ ಹೇಳು.”

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅವರೆಲ್ಲರ ಎದುರಿಗೆ ನಾನು ಮತ್ತೊಮ್ಮೆ ಹೇಳಿದೆ. ಅಂಗಡಿಯವರು ತಕ್ಕಡಿ ಬಿಟ್ಟು ಕಟ್ಟೆಯಿಂದ ಇಳಿದು ಬಂದು ಸರ್ ಹೆಂಡತಿಯ ಎದುರು ನಿಂತರು. “ಅವರು ಇಲ್ಲೇ ನಿಂತು ಕೈ ಮುಗದ್ರವ್ವಾ. ನಾ ಕುಂತ ಜಾಗಾ ಬಿಟ್ಟು ಏಳಲಿಲ್ಲ,” ಎಂದರು. ಸರ್ ಹೆಂಡತಿ ನನ್ನ ಮುಂಗೈ ಹಿಡಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ಬಿಸಿಲಿತ್ತು. ಬೆಂಚಿನ ಮೇಲೆ ಇಬ್ಬರೂ ಕುಳಿತೆವು. ನನಗೆ ಕ್ಷಮಿಸಿ ಎಂದು ಹೇಳಬೇಕಿತ್ತು, ಆದರೆ ಯಾರ ಪರವಾಗಿ ಅವರು ಕ್ಷಮಿಸಬೇಕು? ಹುಮನಾಬಾದಿನ ಕಡೆಯಿಂದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕಲಬುರಗಿ, ಕಲಬುರಗಿ ಎಂದು ಕೂಗಿದ. ನಾನು ಎದ್ದಾಗ ಅವರು ನನ್ನ ಕೈ ಬಿಟ್ಟರು.

“ಕಲಬುರಗಿಯಿಂದ ಇಲ್ಲಿಗೆ ತಾಸಿನ ಹಾದಿ, ಯವ್ವಾ,” ಎಂದರು. “ಎರಡು ವರ್ಷ ದಿನಾ ಬಸ್ ಇದ್ವು.”